ಗಂಡನ ಖಾನೆ

ಜೇವರ್ಗಿಯ ಗಂಡನ ಮನೆ ಬಿಟ್ಟು ನಾನು ಅಫಜಲಪುರಕ್ಕೆ ಮರಳಿ ಬಂದ ಮರುವರ್ಷ ನಮ್ಮೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಕಂಪ್ಯೂಟರ್ ಬಂತು. ಮನೆ ಬಿಟ್ಟೆ ಎಂದು ಬರೆದೆ, ಅದು ಅಷ್ಟು ಸರಿಯಲ್ಲ. ಬಿಟ್ಟವನು ಅವನು. ಕೆಲಸಕ್ಕೆಂದು ಪುಣೆಗೆ ಹೋದವನು ಅಲ್ಲೇ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ. ಅತ್ತೆಯ ಗೊಣಗಾಟ ಕೇಳಿ ಕೇಳಿ ಸಾಕಾಗಿ ನಾನು ಟ್ರಂಕು ಹಿಡಿದು ಬಸ್ಸು ಹತ್ತಿದೆ. ಈ ವಿಷಯ ಎತ್ತಿದರೆ ಇಂದಿಗೂ ನನ್ನ ಬಾಯಿಗೆ ಮೊದಲು ಬರುವುದು ನನ್ನ ಮೇಲೇ ತಪ್ಪು ಹೊರಿಸುವ ಮಾತು. ತೊಂಬತ್ತರ ದಶಕದ ನಡುವಿನ ವರ್ಷಗಳು ಅವು.

ಊರಿಗೆ ಅವ್ವ ಹೇಳಿದ ಕತೆ ಬೇರೆ. ಅಳಿಯನಿಗೆ ಪುಣೆಯಲ್ಲಿ ಒಳ್ಳೆಯ ಕೆಲಸ, ಬಾಡಿಗೆಗೆ ಮನೆ ಸಿಕ್ಕಿಲ್ಲ, ಸಿಕ್ಕ ಕೂಡಲೇ ಬಂದು ಕರೆದುಕೊಂಡು ಹೋಗುತ್ತಾನೆ. ಹಿಟ್ಟಿನ ಗಿರಣಿಯಲ್ಲಿ, ನಳದ ಹತ್ತಿರ, ಸಂತೆಯಲ್ಲಿ ಅವಳು ಇದನ್ನು ಎಷ್ಟು ಸಲ ಹೇಳಿದ್ದಳೆಂದರೆ, ಪುಣೆಯಲ್ಲಿ ಮನೆ ಸಿಗುವುದು ಎಷ್ಟು ಕಷ್ಟವಪ್ಪಾ ಎಂದು ನಮ್ಮ ಓಣಿಯವರೆಲ್ಲ ಮರುಗುತ್ತಿದ್ದರು. ನಾನು ಹೌದೂ ಅನ್ನುತ್ತಿರಲಿಲ್ಲ, ಅಲ್ಲವೂ ಅನ್ನುತ್ತಿರಲಿಲ್ಲ. ಯಾರಾದರೂ ಕೇಳಿದರೆ ಕೊಡ ಎತ್ತಿಕೊಂಡು ಒಳಗೆ ನಡೆಯುತ್ತಿದ್ದೆ.

ಮದುವೆಗೆ ಮುಂಚೆ ಕಲಿತ ಟೈಪಿಂಗ್ ನನ್ನ ಕೈ ಹಿಡಿಯಿತು. ಬಸ್ ನಿಲ್ದಾಣದ ಎದುರು ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದ ಸರ್ ನನ್ನನ್ನು ಹುಡುಗಿಯರಿಗೆ ಟೈಪಿಂಗ್ ಹೇಳಿಕೊಡಲು ಇಟ್ಟುಕೊಂಡರು. ಅವರು ಮನೆಯಲ್ಲಿ ಉರ್ದು, ನಮ್ಮ ಜೊತೆ ಕನ್ನಡ, ಸಿಟ್ಟು ಬಂದಾಗ ಎರಡೂ ಮಾತಾಡುವವರು. ಕಂಪ್ಯೂಟರ್ ತಂದು ಅದಕ್ಕೊಂದು ಹಸಿರು ಬಟ್ಟೆ ಹೊದಿಸಿಟ್ಟರು. ತಮಗೆ ಇನ್ನು ಹೊಸದು ತಲೆಗೆ ಹತ್ತುವುದಿಲ್ಲ ಎಂದು ನನ್ನನ್ನು ರಜೆಯ ದಿನಗಳಲ್ಲಿ ಗುಲಬರ್ಗಾಕ್ಕೆ ಕಲಿಯಲು ಕಳಿಸಿದರು. ನಾನು ಬೇಸಿಕ್ ಎಂಬ ಭಾಷೆ ಕಲಿತು ಬಂದೆ. ನನಗೆ ಆ ಯಂತ್ರ ಬಹಳ ಹಿಡಿಸಿತು. ಊರಿನಲ್ಲಿ ನನ್ನನ್ನು ‘ಯಜಮಾನರು ಯಾವಾಗ ಬರ್ತಾರ’ ಎಂದು ಕೇಳದೆ ಇದ್ದದ್ದು ಅದೊಂದೇ.

ಅದರಲ್ಲಿ ನಾನು ಚೆನ್ನಾಗಿ ಕಲಿತ ಕೆಲಸವೆಂದರೆ ಸಾಲನ್ನು ತುಂಡು ಮಾಡುವುದು. ನಾವು ಕಂಪ್ಯೂಟರಿಗೆ ಒಂದು ಸಾಲು ಬರೆದುಕೊಟ್ಟರೆ ಅದರ ಪಾಲಿಗೆ ಅದು ಬರೀ ಅಕ್ಷರಗಳ ಮಾಲೆ. ಸ್ಟ್ರಿಂಗ್ ಅನ್ನುತ್ತಾರೆ. ಹೆಸರು ಎಲ್ಲಿ ಮುಗಿಯಿತು, ಊರು ಎಲ್ಲಿ ಶುರುವಾಯಿತು ಎಂಬುದು ಅದಕ್ಕೆ ತಿಳಿಯದು. ಅದಕ್ಕೇ ನಡುನಡುವೆ ಕಾಮಾ ಹಾಕಬೇಕು. ಮೊದಲ ಕಾಮಾ ಎಲ್ಲಿದೆ ಎಂದು ಹುಡುಕಿ, ಅದರ ಎಡಕ್ಕೆ ಇರುವುದನ್ನು ಕತ್ತರಿಸಿ ಒಂದು ಖಾನೆಗೆ ಹಾಕಬೇಕು. ಉಳಿದದ್ದರಲ್ಲಿ ಮತ್ತೆ ಕಾಮಾ ಹುಡುಕಬೇಕು, ಮತ್ತೆ ಕತ್ತರಿಸಬೇಕು. ಕಬ್ಬನ್ನು ಗಣ್ಣಿಗೆ ಕಡಿದು, ಗಣ್ಣು ಬಿಸಾಡಿ, ತುಂಡುಗಳನ್ನು ಮಕ್ಕಳಿಗೆ ಹಂಚುತ್ತಾರಲ್ಲ, ಅಷ್ಟೇ. ಹೀಗೆ ಸಾಲಾಗಿ ನಂಬರು ಹಾಕಿಟ್ಟ ಖಾನೆಗಳಿಗೆ ಅರೇ ಎಂದು ಹೆಸರು. ಈಗಿನ ಭಾಷೆಗಳಲ್ಲಿ ಇದಕ್ಕೆಲ್ಲ ಒಂದೇ ಶಬ್ದ ಸಾಕು. ಆಗ ನಾವೇ ಕೂತು ಬರೆಯಬೇಕಿತ್ತು, ಬರೆದದ್ದು ನಡೆದರೆ ಮೀಸೆ ಇಲ್ಲದವರೂ ಮೀಸೆ ತಿರುವಬಹುದಿತ್ತು.

ಬರೆದದ್ದು ಮೊದಲು ನಡೆಯಲಿಲ್ಲ. ನಮ್ಮ ಹುಡುಗಿಯರು ಕಂಪ್ಯೂಟರಿನ ಕೀಲಿಗಳನ್ನು ಟೈಪ್‌ರೈಟರಿನ ಹಾಗೆ ಗುದ್ದುತ್ತಿದ್ದರು. ಒತ್ತಿದ ಬೆರಳು ಎತ್ತುವಷ್ಟರಲ್ಲಿ ಒಂದು ಕಾಮಾ ಎರಡಾಗುತ್ತಿತ್ತು. ಎರಡು ಕಾಮಾಗಳ ನಡುವೆ ಏನೂ ಇಲ್ಲದ ತುಂಡೊಂದು ಹುಟ್ಟಿ, ಅದು ಊರಿನ ಖಾನೆಯಲ್ಲಿ ಹೋಗಿ ಕೂತು, ಊರು ಅದರ ಮುಂದಿನ ಖಾನೆಗೆ ಸರಿದುಬಿಡುತ್ತಿತ್ತು. ಹುಡುಗಿಯರಿಗೆ ಬೈದು ಬೈದು ನನ್ನ ಗಂಟಲು ಬಿತ್ತು. ಕೊನೆಗೆ ನಾನೊಂದು ಉಪಾಯ ಮಾಡಿದೆ. ತುಂಡು ಖಾಲಿ ಇದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡ, ಬಿಟ್ಟು ಮುಂದೆ ನಡೆ ಎಂದು ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದೆ. ಆಮೇಲೆ ಅವರು ಎಷ್ಟು ಕಾಮಾ ಗುದ್ದಿದರೂ ಹೆಸರು ಹೆಸರಿನ ಖಾನೆಗೆ, ಊರು ಊರಿನ ಖಾನೆಗೆ ಬಂದು ಬೀಳತೊಡಗಿತು. ಸರ್ ನೋಡಿ ಖುಷಿಪಟ್ಟು ಎಲ್ಲರಿಗೂ ಚಹಾ ತರಿಸಿದರು.

ಆಗಲೇ ನನ್ನ ತಂಗಿಯ ಮದುವೆ ಗಟ್ಟಿಯಾಯಿತು. ಗಂಡಿನವರು ಆಳಂದದವರು. ಅವರಿಗೂ ಅವ್ವ ಪುಣೆಯ ಕತೆಯನ್ನೇ ಹೇಳಿದ್ದಳು. ನಿಶ್ಚಯದ ದಿನ ಹಿರಿಯ ಅಳಿಯ ಏಕೆ ಬಂದಿಲ್ಲ ಎಂದು ಅವರು ಕೇಳಿದಾಗ, ರಜೆ ಸಿಗಲಿಲ್ಲ ಎಂದಳು. ನಾನು ಅಲ್ಲೇ ಬಾಗಿಲ ಹತ್ತಿರ ತಟ್ಟೆ ಹಿಡಿದು ನಿಂತಿದ್ದೆ.

ನಮ್ಮ ಕಡೆಯ ಮದುವೆಗಳಲ್ಲಿ ಅಕ್ಷತೆಯ ಅಕ್ಕಿಕಾಳು ಬಿದ್ದ ಮೇಲೆ ಆಯೇರಿ ಕೂಗುತ್ತಾರೆ. ನೆಂಟರು ತಂದ ಬಟ್ಟೆಯ ಉಡುಗೊರೆಯೇ ಆಯೇರಿ. ಯಾರು ಏನು ತಂದರು ಎಂಬುದನ್ನು ಮೈಕಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಬೇಕು. ನಮ್ಮ ಬಳಗದಲ್ಲಿ ಗಂಡಸರದು ಬೇರೆ, ಹೆಂಗಸರದು ಬೇರೆ. ಗಂಡಸಾದರೆ ಇಂಥವರು, ತಂದೆ ಇಂಥವರು, ಊರು ಇಂಥದ್ದು, ಆಯೇರಿ ಒಂದು ಧೋತರ. ಹೆಂಗಸಾದರೆ ಇಂಥವರು, ಗಂಡ ಇಂಥವರು, ಊರು ಇಂಥದ್ದು, ಆಯೇರಿ ಒಂದು ಸೀರೆ. ತನ್ನ ಆಯೇರಿ ಕೂಗುವ ತನಕ ಯಾವ ನೆಂಟನೂ ಕುರ್ಚಿ ಬಿಡುವುದಿಲ್ಲ. ಕೂಗುವುದು ಮರೆತರೋ, ಮಾತು ಬಿಟ್ಟ ಮನೆತನಗಳನ್ನು ನಾನು ಬಲ್ಲೆ. ಹೀಗೆ ಕಾದು ಕೂತು ಸೊನ್ನದವರಿಗೋ ಮಟಕಿಯವರಿಗೋ ಬಸ್ಸು ತಪ್ಪಿ, ಅವರು ಬೀಗರ ಮನೆಯ ಹೊಸ ಹಾಸಿಗೆಗಳ ಮೇಲೆ ಮಲಗಿ, ಮರುದಿನ ನಾಷ್ಟಾ ಮುಗಿಸಿ ಹೋಗುವುದು ಪ್ರತಿ ಮದುವೆಯ ಗೋಳು.

ಇದಕ್ಕೆ ಪರಿಹಾರ ಹೊಳೆದದ್ದು ಸರ್‌ಗೆ. ಹಿಂದಿನ ದಿನ ಮತ್ತು ಬೆಳಿಗ್ಗೆ ಬಂದ ಆಯೇರಿಗಳನ್ನೆಲ್ಲ ಕಂಪ್ಯೂಟರಿಗೆ ಹಾಕೋಣ, ಯಾವ ಊರಿನ ಬಸ್ಸು ಮೊದಲೋ ಆ ಊರಿನವರ ಹೆಸರು ಮೊದಲು ಬರುವಂತೆ ಛಾಪಿಸಿ ಕೊಡೋಣ, ಊರಿಗೆ ಊರೇ ನೋಡಲಿ ಎಂದರು. ನನಗೂ ಉಮೇದು ಬಂತು. ಒಂದೊಂದು ಊರಿಗೆ ಬಸ್ಸಿನ ಪ್ರಕಾರ ಒಂದೊಂದು ನಂಬರು ಕೊಟ್ಟೆ. ಸಾಲನ್ನು ನಾಲ್ಕು ತುಂಡು ಮಾಡಿ, ಮೂರನೆಯ ಖಾನೆಯಲ್ಲಿ ಬಿದ್ದ ಊರನ್ನು ನೋಡಿ, ನಂಬರಿನ ಪ್ರಕಾರ ಹೊಂದಿಸಿದರೆ ಕೆಲಸ ಮುಗಿಯಿತು. ಆ ಯಂತ್ರಕ್ಕೆ ಕನ್ನಡ ಅಕ್ಷರ ಬರುತ್ತಿರಲಿಲ್ಲವಾದ್ದರಿಂದ ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕಿತ್ತು. ಓದಲು ಹೈಸ್ಕೂಲಿನ ಇಂಗ್ಲಿಷ್ ಮಾಸ್ತರರು ಒಪ್ಪಿಕೊಂಡರು. ವರ್ಗವಾಗಿ ಹೊಸದಾಗಿ ಬಂದಿದ್ದ ಅವರ ಕಂಠ ಗಂಟೆ ಬಾರಿಸಿದ ಹಾಗಿತ್ತು.

ಒಂದು ಸಂಜೆ ಅವ್ವ ಜೋಳ ಹಸನು ಮಾಡುತ್ತ, ನಿನ್ನ ಸಾಲು ಹೇಗೆ ಬರೆಯುತ್ತೀ ಎಂದು ಕೇಳಿದಳು. ಅಷ್ಟು ದಿನ ನಾನು ಆ ಪ್ರಶ್ನೆಯನ್ನೂ ನೀರಿನ ಕೊಡದ ಹಾಗೆ ಎತ್ತಿಕೊಂಡು ಒಳಗೆ ಹೋಗಿದ್ದೆ. ತಂಗಿಗೆಂದು ನನ್ನ ಪಗಾರದಲ್ಲಿ ಇಳಕಲ್ ಸೀರೆ ಕೊಂಡಿದ್ದೆ, ಅದಕ್ಕೂ ಒಂದು ಸಾಲು ಬೇಕಲ್ಲ. ಅವನ ಹೆಸರು ಹಾಕು, ಜೇವರ್ಗಿ ಎಂದು ಬರೆ, ಯಾರಿಗೇನು ನಷ್ಟ ಎಂದು ಅವ್ವ ಶುರು ಮಾಡಿದಳು. ಅಪ್ಪ ಸಾಮಾನ್ಯವಾಗಿ ಇಂಥ ಮಾತಿಗೆ ಬಾಯಿ ಹಾಕುವವನಲ್ಲ. ಅಂದು ಪೇಪರು ಮಡಚಿಟ್ಟು, ತಂದೆ ಎಂದು ನನ್ನ ಹೆಸರು ಹಾಕಲಿ ಬಿಡು ಎಂದ.

"ಕಾಲುಂಗರ ಇಟಗೊಂಡಾಕಿ ತಂದಿ ಹೆಸರಿಲೆ ಆಯೇರಿ ಮಾಡ್ತಾಳೇನು? ಆಳಂದದವರು ಏನಂದಾರು?" ಎಂದಳು ಅವ್ವ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಅವನ ಹೆಸರೂ ಬ್ಯಾಡ, ಅಪ್ಪನ ಹೆಸರೂ ಬ್ಯಾಡ. ಆ ಜಾಗಾ ಖಾಲಿ ಇರ್ತದ. ಬರೇ ನನ್ನ ಹೆಸರು, ನನ್ನ ಊರು, ನನ್ನ ಸೀರಿ" ಎಂದುಬಿಟ್ಟೆ. ಅವ್ವ ಮೊರ ಕೆಳಗಿಟ್ಟು ನನ್ನನ್ನು ನೋಡಿದಳು. ಅಪ್ಪ ಮತ್ತೆ ಪೇಪರು ಬಿಚ್ಚಿದ, ಆದರೆ ಓದುತ್ತಿರಲಿಲ್ಲ. ಅವನಿಗೆ ಒಳಗೊಳಗೇ ಸಮಾಧಾನವಾಗಿತ್ತು ಎಂದು ನನಗೆ ಅನ್ನಿಸಿತು.

ನನಗಂತೂ ಅಂದು ಎದೆ ಎರಡು ಗೇಣು ಹೆಚ್ಚಾಗಿತ್ತು. ನಮ್ಮ ಬಳಗದಲ್ಲಿ ಆ ಜಾಗ ಖಾಲಿ ಬಿಟ್ಟ ಹೆಂಗಸು ಇರಲಿಲ್ಲ. ಗಂಡ ಸತ್ತ ದೊಡ್ಡವ್ವಂದಿರಿಗೂ ಸತ್ತವನ ಹೆಸರು ಅಲ್ಲಿ ಕೂತಿರುತ್ತದೆ. ಸತ್ತವನು ಖಾನೆ ತುಂಬಬಲ್ಲ, ಬಿಟ್ಟು ಹೋದವನೂ ಯಾಕೆ ತುಂಬಬೇಕು ಎಂದು ನನ್ನಷ್ಟಕ್ಕೆ ವಾದ ಮಾಡಿಕೊಂಡೆ. ಮೈಕಿನಲ್ಲಿ ನನ್ನ ಹೆಸರು ಬರುತ್ತದೆ, ಒಂದು ಕ್ಷಣ ಸುಮ್ಮನಿರುತ್ತದೆ, ಆಮೇಲೆ ಅಫಜಲಪುರ ಎನ್ನುತ್ತದೆ. ತಿಳಿಯುವವರಿಗೆ ತಿಳಿಯುತ್ತದೆ. ಆ ಒಂದು ಕ್ಷಣದ ಮೌನಕ್ಕಾಗಿ ನಾನು ಮದುವೆಯ ದಿನವನ್ನು ಕಾಯತೊಡಗಿದೆ.

ಆದರೆ ಬಾಯಿಯ ಧೈರ್ಯ ಕೈಗೆ ಇಳಿದಿರಲಿಲ್ಲ. ಮದುವೆಯ ಬೆಳಿಗ್ಗೆ ಕರೆಂಟು ಹೋಗುವ ಮೊದಲೇ ಮುಗಿಸಬೇಕೆಂದು ಇನ್‌ಸ್ಟಿಟ್ಯೂಟಿನಲ್ಲಿ ಕೂತು ಎಲ್ಲರ ಸಾಲುಗಳನ್ನೂ ಟೈಪ್ ಮಾಡಿದೆ. ನನ್ನದನ್ನು ಮಾತ್ರ ಆಮೇಲೆ, ಆಮೇಲೆ ಎಂದು ಮುಂದೆ ತಳ್ಳಿದೆ. ಕೊನೆಗೆ ಯಾರೂ ಉಳಿಯದಾಗ ನನ್ನ ಹೆಸರು ಬರೆದೆ. ಕಾಮಾ ಒತ್ತಿದೆ. ಏನೂ ಬರೆಯದೆ ಇನ್ನೊಂದು ಕಾಮಾ ಒತ್ತಿದೆ. ಅಫಜಲಪುರ, ಇಳಕಲ್ ಸೀರೆ. ಹಾಗೆ ಎರಡು ಕಾಮಾ ಕೂಡಿ ಬಂದರೆ ಏನು ಮಾಡಬೇಕು ಎಂದು ಯಂತ್ರಕ್ಕೆ ನಾನೇ ಕಲಿಸಿಕೊಟ್ಟಿದ್ದೆ. ಆ ಹೊತ್ತಿಗೆ ಅದು ನೆನಪಾಗಲಿಲ್ಲ. ಪ್ರಿಂಟರು ಕಿರ್ರೆನ್ನುತ್ತ ಎರಡೂ ಯಾದಿಗಳನ್ನು ಛಾಪಿಸಿ ಕೊಟ್ಟಿತು. ಒಮ್ಮೆ ಓದಿ ನೋಡಿರಿ ಟೀಚರ್ ಎಂದು ಸರ್ ಹೇಳಿದರು. ಗಂಡಸರ ಯಾದಿಯನ್ನು ಬೆರಳಿಟ್ಟು ಓದಿದೆ, ಒಂದೂ ತಪ್ಪಿರಲಿಲ್ಲ. ಹೆಂಗಸರದನ್ನು ಓದಲಿಲ್ಲ. ಅದರಲ್ಲಿ ನನ್ನ ಸಾಲು ಇತ್ತು, ಅದನ್ನು ಸರ್ ಎದುರಿಗೆ ನೋಡಲು ನನಗೆ ನಾಚಿಕೆಯಾಯಿತು. ಎರಡನ್ನೂ ಸುರುಳಿ ಸುತ್ತಿ, ಸರಿ ಅದ ಸರ್ ಎಂದೆ.

ಮನೆಯ ಮುಂದೆ ಹಂದರ ಹಾಕಿದ್ದರು. ಅಕ್ಕಿಕಾಳು ಬಿದ್ದು, ತಾಳಿ ಕಟ್ಟಿ ಆಗಿ, ಮಾಸ್ತರರು ಮೈಕು ಹಿಡಿದರು. ಗಂಡಸರ ಯಾದಿ ನೀರು ಹರಿದಂತೆ ಹರಿಯಿತು. ಮಟಕಿಯವರನ್ನು ಮೊದಲು ಕೂಗಿದಾಗ ಅವರಿಗೆ ನಂಬಿಕೆಯೇ ಬರಲಿಲ್ಲ. ಇಷ್ಟು ಬೇಗ ಮುಗಿದರೆ ಮನೆಗೆ ಹೋಗಿ ಏನು ಮಾಡುವುದು ಎಂದು ಅವರಲ್ಲೊಬ್ಬರು ಚಾಷ್ಟಿ ಮಾಡಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಸರ್ ಹೊಸ ಅಂಗಿಯ ಕಾಲರು ಸರಿಮಾಡಿಕೊಂಡು ಅತ್ತಿತ್ತ ನೋಡುತ್ತಿದ್ದರು. ಆಳಂದದ ಬೀಗರು, ಇದನ್ನೆಲ್ಲ ಯಾರು ಮಾಡಿದರು ಎಂದು ಕೇಳಿದರೆ ಹತ್ತು ಕೈಗಳು ನನ್ನತ್ತ ತೋರಿಸಿದವು. ನಾನು ತಂಗಿಯ ಪಕ್ಕ ನಿಂತಿದ್ದೆ. ಅವಳ ಮಡಿಲಿನಲ್ಲಿ ನನ್ನ ಸೀರೆ ಇತ್ತು.

ಮಾಸ್ತರರು ಹೆಂಗಸರ ಯಾದಿ ಬಿಚ್ಚಿದರು. ಮೊಟ್ಟಮೊದಲು ನನ್ನ ಹೆಸರು ಓದಿದರು. ಊರಿನವರದು ಕೊನೆಗೆ ಬರಬೇಕು, ಅದರಲ್ಲೂ ಸೋದರತ್ತೆಯನ್ನು ಬಿಟ್ಟು ನನ್ನನ್ನು ಹೇಗೆ ಮೊದಲು ಕೂಗುತ್ತಾರೆ ಎಂದುಕೊಳ್ಳುವಷ್ಟರಲ್ಲಿ ಅವರು ಮುಂದಕ್ಕೆ ಹೋಗಿದ್ದರು. ಇಂಗ್ಲಿಷ್ ಅಕ್ಷರದೊಳಗಿನ ಕನ್ನಡ ಓದುವುದೆಂದರೆ ಅಕ್ಷರಕ್ಕೆ ಅಕ್ಷರ ಕೂಡಿಸುವ ಕೆಲಸ, ಅರ್ಥದ ಕಡೆಗೆ ಲಕ್ಷ್ಯ ಹೋಗುವುದಿಲ್ಲ. ಗಂಡ ಅಫಜಲಪುರ ಎಂದರು. ಊರು ಇಳಕಲ್ ಸೀರೆ ಎಂದರು. ಆಯೇರಿ ಎಂದು ಹೇಳಿ ನಿಂತರು. ಕನ್ನಡಕ ತೆಗೆದು, ಕಾಗದವನ್ನು ಬೆಳಕಿಗೆ ಹಿಡಿದು, ಆಯೇರಿ ಏನೂ ಬರೆದಿಲ್ಲ ಎಂದು ಅದನ್ನೂ ಮೈಕಿನಲ್ಲೇ ಹೇಳಿದರು.

ಮೊದಲು ಮಕ್ಕಳು ನಕ್ಕರು. ಆಮೇಲೆ ಗಂಡಸರ ಕಡೆ ಒಬ್ಬರು, ಆಮೇಲೆ ಇಡೀ ಹಂದರ. ಇಳಕಲ್ ಸೀರೆ ಎಂಬ ಊರಿಗೆ ಬಸ್ಸು ಎಷ್ಟು ಗಂಟೆಗೆ ಎಂದು ಯಾರೋ ಕೂಗಿದರು. ನನಗೆ ತಪ್ಪು ಎಲ್ಲಿ ಎಂದು ಆ ಕ್ಷಣವೇ ಹೊಳೆಯಿತು. ಖಾಲಿ ತುಂಡನ್ನು ಯಂತ್ರ ಬಿಟ್ಟು ನಡೆದಿತ್ತು. ಊರು ಗಂಡನ ಖಾನೆಗೆ, ಸೀರೆ ಊರಿನ ಖಾನೆಗೆ ಸರಿದಿದ್ದವು. ಸೀರೆಯ ಹೆಸರಿನ ಊರಿಗೆ ನಂಬರು ಇರಲಿಲ್ಲವಾದ್ದರಿಂದ ನಾನು ಸೊನ್ನೆಯಾಗಿ ಎಲ್ಲರಿಗಿಂತ ಮೊದಲು ಬಂದಿದ್ದೆ. ಇಷ್ಟೆಲ್ಲ ತಿಳಿದು ಏನು ಉಪಯೋಗ? ಭೂಮಿ ಬಾಯಿ ಬಿಡಬಾರದೆ ಎನ್ನುತ್ತಾರಲ್ಲ, ನಾನು ನಿಜವಾಗಿಯೂ ಕಾಲ ಕೆಳಗಿನ ಜಮಖಾನೆಯನ್ನು ನೋಡುತ್ತ ನಿಂತೆ.

ಅಷ್ಟಾಗಿದ್ದರೆ ನಗೆಪಾಟಲು ಎಂದು ಮರೆಯಬಹುದಿತ್ತು. ಬೀಗರ ಕಡೆಯ ಒಬ್ಬ ಅಜ್ಜಿ ನನ್ನ ಮೇಲೆ ಕನಿಕರಪಟ್ಟಳು. ಪಾಪ, ನಗಬೇಡಿರಿ, ಹುಡುಗಿಗೆ ಗಂಡನ ಹೆಸರು ಬರೆಯಲು ನಾಚಿಕೆಯಾಗಿದೆ, ಅದಕ್ಕೇ ಜಾಗ ಬಿಟ್ಟಿದ್ದಾಳೆ ಎಂದಳು. ನಮ್ಮಲ್ಲಿ ಹೆಂಡತಿಯಾದವಳು ಗಂಡನ ಹೆಸರನ್ನು ಸುಮ್ಮಸುಮ್ಮನೆ ಹೇಳುವುದಿಲ್ಲ. ಮದುವೆ ಮನೆಯಲ್ಲಿ ಹೆಂಗಸರೆಲ್ಲ ಸುತ್ತುಗಟ್ಟಿ ಕಾಡಿದಾಗ, ಎರಡು ಸಾಲಿನ ಪ್ರಾಸದ ಒಡಪಿನೊಳಗೆ ಅದನ್ನು ಅಡಗಿಸಿ ಹೇಳುತ್ತಾಳೆ. ಅಜ್ಜಿಯ ಮಾತು ಕೇಳಿದ್ದೇ ತಡ, ಹಂದರದ ನಗೆಯ ದನಿಯೇ ಬದಲಾಯಿತು. ಈಗ ಅವರು ನನ್ನನ್ನು ಮುದ್ದು ಮಾಡಿ ನಗುತ್ತಿದ್ದರು. ಒಡಪು ಹಾಕಲಿ, ಒಡಪು ಹಾಕಲಿ ಎಂದು ಹೆಂಗಸರು ಚಪ್ಪಾಳೆ ತಟ್ಟಿದರು. ಏನೂ ಅರಿಯದ ಮಾಸ್ತರರು ನನ್ನ ಹತ್ತಿರ ಬಂದು ಮೈಕನ್ನು ಮುಖಕ್ಕೆ ಹಿಡಿದರು.

"ಹೇಳವ್ವಾ ತಂಗಿ, ನಿಮ್ಮ ಯಜಮಾನರ ಹೆಸರು ಹೇಳು. ತಿದ್ದಿ ಓದ್ತೇನಿ" ಎಂದರು.

ನಾನು ತಲೆ ಎತ್ತಿದೆ. ಸರ್ ತಮ್ಮ ಚಪ್ಪಲಿ ನೋಡುತ್ತಿದ್ದರು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು. ಗಂಡಸರ ಕಡೆ ಅಪ್ಪ ಕುರ್ಚಿಯ ಕೈ ಹಿಡಿದು ಮೇಲೆ ಏಳುತ್ತಿದ್ದ. ಅವನು ಏನು ಹೇಳಲು ಏಳುತ್ತಿದ್ದಾನೆ ಎಂಬುದು ನನಗೆ ಗೊತ್ತಿತ್ತು. ಇವಳು ನನ್ನ ಮಗಳು, ನನ್ನ ಹೆಸರು ಹಾಕಿರಿ ಎನ್ನುವವನಿದ್ದ. ಜನ್ಮದಲ್ಲಿ ನಾಲ್ಕು ಜನರ ಮುಂದೆ ಮಾತಾಡದವನು ನನಗಾಗಿ ಮಾತಾಡುವವನಿದ್ದ. ನಾನು ಅದಕ್ಕೆ ಅವಕಾಶ ಕೊಡಬಹುದಿತ್ತು. ಆ ಜಾಗ ಖಾಲಿ ಇದೆ ಎಂದು ನಾನೇ ಹೇಳಬಹುದಿತ್ತು, ಮನೆಯಲ್ಲಿ ಅಷ್ಟು ಜೋರಾಗಿ ಹೇಳಿದವಳೇ ತಾನೆ. ಅದರ ಬದಲು, ಅಪ್ಪ ಪೂರ್ತಿ ಎದ್ದು ನಿಲ್ಲುವ ಮೊದಲೇ, ನನ್ನ ಮದುವೆಗೆಂದು ಸೋದರತ್ತೆ ಕಲಿಸಿದ್ದ ಒಡಪು ನನ್ನ ಬಾಯಿಂದ ಬಂತು. "ಗೋದಿ ಹುಗ್ಗಿ ಮ್ಯಾಲ ತುಪ್ಪದ ಧಾರಿ" ಎಂದೆ. ಅವನ ಹೆಸರು ಹೇಳಿದೆ. "ರಾಯರು ಹಿಡದಾರ ಜೇವರ್ಗಿ ದಾರಿ" ಎಂದು ಮುಗಿಸಿದೆ. ರಾಯರು ಯಾವ ದಾರಿ ಹಿಡಿದಿದ್ದಾರೆ ಎಂಬುದು ನನಗೆ ತಿಳಿಯದ್ದೇ?

ಹಂದರ ಹಾರಿಹೋಗುವಷ್ಟು ಚಪ್ಪಾಳೆ ಬಿತ್ತು. ಮಾಸ್ತರರು ನನ್ನ ಸಾಲನ್ನು ಹೊಸದಾಗಿ ಕೂಗಿದರು. ನನ್ನ ಹೆಸರು, ಗಂಡನ ಹೆಸರು, ಆಯೇರಿ ಇಳಕಲ್ ಸೀರೆ. ಒಡಪಿನಲ್ಲಿ ಕೇಳಿದ್ದನ್ನು ನೆನಪಿಟ್ಟು ಊರು ಜೇವರ್ಗಿ ಎಂದು ಅದನ್ನೂ ತಾವೇ ತಿದ್ದಿದರು. ಅಪ್ಪ ಅರ್ಧ ಎದ್ದವನು ಹಾಗೇ ಕೂತ. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆ ಅಜ್ಜಿ ಬಂದು ನನ್ನ ಗಲ್ಲ ಮುಟ್ಟಿ ಲಟಿಕೆ ಮುರಿದು ದೃಷ್ಟಿ ತೆಗೆದಳು.

ಜನ ನಕ್ಕದ್ದಕ್ಕೆ ಆದ ನಾಚಿಕೆ ಊಟದ ಹೊತ್ತಿಗೆ ಇಳಿದುಹೋಯಿತು. ಇನ್ನೊಂದು ಇಳಿಯಲಿಲ್ಲ. ತಂಗಿಯ ಮದುವೆ ಕೆಡದಿರಲಿ ಎಂದು ಹೇಳಿದೆ ಎಂಬ ನೆಪವೂ ನನಗಿಲ್ಲ. ತಾಳಿ ಆಗಲೇ ಕಟ್ಟಿಯಾಗಿತ್ತು, ನಾನು ಏನು ಹೇಳಿದರೂ ಯಾರ ಮದುವೆಯೂ ನಿಲ್ಲುತ್ತಿರಲಿಲ್ಲ. ಎಲ್ಲಕ್ಕಿಂತ ನಾಚಿಕೆಯ ಮಾತೆಂದರೆ, ಚಪ್ಪಾಳೆ ಬಿದ್ದಾಗ ನನಗೆ ಸುಖವಾಯಿತು. ಒಂದು ನಿಮಿಷದ ಮಟ್ಟಿಗೆ ನಾನು ಎಲ್ಲರಂಥ ಹೆಂಗಸಾಗಿದ್ದೆ, ನನ್ನ ಖಾನೆ ತುಂಬಿತ್ತು. ಅಪ್ಪ ಅಂದು ಪಂಕ್ತಿಯಲ್ಲಿ ನನಗೆ ತಾನೇ ಹುಗ್ಗಿ ಬಡಿಸಿದ. ತುಪ್ಪ ಹಾಕುವಾಗ ನನ್ನ ಮುಖ ನೋಡಲಿಲ್ಲ.

ಮದುವೆಯ ಗದ್ದಲ ಮುಗಿದ ಮೇಲೆ ಇನ್‌ಸ್ಟಿಟ್ಯೂಟಿಗೆ ಹೋದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನಾನೂ ಹೋದ ಕೂಡಲೇ ಯಂತ್ರಕ್ಕೆ ಬೈದೆ. ಸರ್ ಒಡಪಿನ ಸುದ್ದಿ ಎತ್ತಲಿಲ್ಲ. "ಮಷೀನು ನಾವು ಹೇಳಿದ್ದು ಕೇಳ್ಯದ ಟೀಚರ್, ಅದರದೇನು ತಪ್ಪು" ಎಂದಷ್ಟೇ ಅಂದು ಹಸಿರು ಬಟ್ಟೆ ತೆಗೆದುಕೊಟ್ಟರು. ಖಾಲಿ ತುಂಡು ಬಿಟ್ಟು ನಡೆ ಎಂದು ಪ್ರೋಗ್ರಾಮಿಗೆ ಹೇಳಿದ್ದ ಆ ಒಂದು ಸಾಲನ್ನು ನಾನು ಅಳಿಸಿದೆ. ಖಾಲಿ ತುಂಡೂ ತುಂಡೇ, ಅದಕ್ಕೂ ಒಂದು ಖಾನೆ ಕೊಟ್ಟು ಮುಂದೆ ಹೋಗಬೇಕು. ಎರಡು ಕಾಮಾ ಗುದ್ದುವ ಹುಡುಗಿಯರಿಗೆ ಮತ್ತೆ ಬೈದರಾಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನದು ಅಡಿಕೆಗೂ ಅಲ್ಲ, ಕಾಮಾಕ್ಕೆ ಹೋಗಿತ್ತು. ಹೆಂಗಸರ ಯಾದಿಯನ್ನು ಇನ್ನೊಮ್ಮೆ ಛಾಪಿಸಿದೆ. ನನ್ನ ಸಾಲು ಊರಿನವರ ಕೊನೆಗೆ, ತನ್ನ ಜಾಗದಲ್ಲಿ ಬಂತು. ನನ್ನ ಹೆಸರು. ಗಂಡ ಎಂದು ಬರೆದ ಕಡೆ ಬಿಳಿ ಜಾಗ. ಊರು ಅಫಜಲಪುರ. ಆಯೇರಿ ಇಳಕಲ್ ಸೀರೆ. ನಾನು ಅಂದುಕೊಂಡ ಹಾಗೇ ಇತ್ತು. ಕೂಗುವವರು ಮಾತ್ರ ಇರಲಿಲ್ಲ.

ಆ ಕಾಗದವನ್ನು ಮನೆಗೆ ತಂದೆ. ಯಾರು ಏನು ತಂದಿದ್ದರು ಎಂಬುದು ಗೊತ್ತಿದ್ದರೆ ತಾನೇ ನಾಳೆ ಅವರ ಮನೆಯ ಮದುವೆಗೆ ನಾವು ಅದೇ ತೂಕದ್ದು ಒಯ್ಯುವುದು, ಆದ್ದರಿಂದ ಅವ್ವ ಯಾದಿಗಾಗಿ ಕಾಯುತ್ತಿದ್ದಳು. ಅವಳಿಗೆ ಕನ್ನಡ ಅಷ್ಟಿಷ್ಟು ಬರೆಯಲು ಬರುತ್ತಿತ್ತು, ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ. ಒಂದೊಂದೇ ಸಾಲು ಓದಿ ಹೇಳಿದೆ. ನನ್ನದು ಬಂದಾಗ ಬೇಗ ಓದಿ ಮುಂದೆ ಹೋಗಲು ನೋಡಿದೆ, ಅವಳು ಬಿಡಲಿಲ್ಲ. ನಡುವೆ ಬಿಳಿ ಜಾಗ ಏಕೆ ಎಂದು ಕೇಳಿದಳು. ಏಕೆ ಎಂದು ಅವಳಿಗೆ ಗೊತ್ತಿತ್ತು.

ಅವ್ವ ಅಪ್ಪನ ಅಂಗಿಯ ಕಿಸೆಯಲ್ಲಿದ್ದ ಪೆನ್ನು ಕೇಳಿದಳು. ಅದರಲ್ಲಿ ಮಸಿ ಇಲ್ಲ ಎಂದ ಅಪ್ಪ. ಬೆಳಿಗ್ಗೆಯಷ್ಟೇ ಅವನು ಅದರಲ್ಲಿ ಮಸಿ ತುಂಬುತ್ತಿದ್ದದ್ದನ್ನು ನಾನು ನೋಡಿದ್ದೆ. ಅವ್ವ ತಾನೇ ಕೈ ಹಾಕಿ ತೆಗೆದುಕೊಂಡು, ಒಮ್ಮೆ ಝಾಡಿಸಿ, ಬೆರಳ ಮೇಲೆ ಗೀಚಿ ನೋಡಿದಳು. ನೀಲಿ ಗೀಟು ಮೂಡಿತು.

"ಈಗ ಬಿಟ್ರ ಹ್ಯಾಂಗ? ನೀನೇ ಹೇಳೀದಿ, ಎಲ್ಲಾರ ಮುಂದ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಅಪ್ಪ ನನ್ನ ಕಡೆ ನೋಡಿದ. ಆ ದಿನದ ನಂತರ ಅವನು ನನ್ನ ಮುಖ ನೋಡಿದ್ದು ಅದೇ ಮೊದಲು. ನಾನು ಒಂದು ಮಾತು ಆಡಿದರೆ ಸಾಕು, ಅವನು ಅವ್ವನ ಕೈಯಿಂದ ಪೆನ್ನು ಕಸಿದುಕೊಳ್ಳುತ್ತಿದ್ದ. ಅವ್ವ ಕಾಗದವನ್ನು ಮಂಡಿಯ ಮೇಲೆ ಇಟ್ಟುಕೊಂಡು, ಒಂದೊಂದೇ ಅಕ್ಷರ ನೆನಪಿಸಿಕೊಳ್ಳುತ್ತ, ನನ್ನದಕ್ಕಿಂತ ಮೇಲಿನ ಸಾಲಿಗೆ ಪೆನ್ನು ಊರಿದಳು. ಅದು ಸೋದರತ್ತೆಯ ಸಾಲು. ಅಲ್ಲಲ್ಲ, ಇಲ್ಲಿ ಎಂದು ನಾನೇ ಬೆರಳಿಟ್ಟು ನನ್ನ ಖಾಲಿ ಜಾಗ ತೋರಿಸಿದೆ.